ಬಳ್ಳಾರಿಯ ವಿಧವೆಯೂ ನಮ್ಮ ‘ಕ್ರೈಸ್ತ’ ಕಾನೂನೂ

ಚಂದ್ರ ಮಲ್ಲಂಪಲ್ಲಿಯವರ ‘ರೇಸ್, ರಿಲಿಜನ್ ಅಂಡ್ ಲಾ ಇನ್ ಕಲೋನಿಯಲ್ ಇಂಡಿಯಾ: ಟ್ರಯಲ್ಸ್ ಆಫ್ ಆನ್ ಇಂಟರ್‌ರೇಷಿಯಲ್ ಫ್ಯಾಮಿಲಿ’ ಎಂಬ ಗ್ರಂಥವು ಕೇಂಬ್ರಿಡ್ಜ್ ವಿಶ್ವವಿದ್ಯಾನಿಲಯ ಮುದ್ರಣಾಲಯದಿಂದ 2011ರಲ್ಲಿ ಪ್ರಕಟವಾಯಿತು. ಇಷ್ಟು ವರ್ಷಗಳ ಮೇಲೆ ಅದನ್ನು ವಿಮರ್ಶೆಗೆ ಎತ್ತಿಕೊಳ್ಳುವುದಕ್ಕೆ ಕಾರಣ ಹೇಳಬೇಕು. 2025ರ ಜನವರಿ 27ರಂದು ಉತ್ತರಾಖಂಡದಲ್ಲಿ ಸಮಾನ ನಾಗರಿಕ ಸಂಹಿತೆ ಜಾರಿಗೆ ಬಂದಿತು. ಏಪ್ರಿಲ್ ತಿಂಗಳಲ್ಲಿ ನಮ್ಮ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು, ಮುಸ್ಲಿಂ ಕುಟುಂಬವೊಂದರ ಆಸ್ತಿ ವಿವಾದವನ್ನು ತೀರ್ಮಾನಿಸುತ್ತಾ, ಅಂಥ ಸಂಹಿತೆಯನ್ನು ರೂಪಿಸಬೇಕೆಂದು ಸಂಸತ್ತನ್ನೂ ರಾಜ್ಯ ಶಾಸಕಾಂಗಗಳನ್ನೂ ಕೇಳಿಕೊಂಡಿತು. ಅದಾದ ಕೆಲವು ವಾರಗಳಿಗೆ ಬಸವನಗುಡಿಯ ಸಭಾಂಗಣವೊಂದರಲ್ಲಿ ಈ ವಿಷಯವಾಗಿ ಒಂದು ಸಂಜೆಯ ಚರ್ಚೆ ಏರ್ಪಟ್ಟಿತು. ಕ್ರೈಸ್ತರ ಪರವಾಗಿ ಮಾತನಾಡಲು ನನ್ನನ್ನು ಕರೆದಿದ್ದರು.

ಮೊದಲು ಮಾತನಾಡಿದ ಹಿರಿಯರು ಮೈಸೂರು ಸಂಸ್ಥಾನದ 1933ರ ಹಿಂದೂ ಸ್ತ್ರೀಯರ ಹಕ್ಕುಗಳ ಕಾನೂನನ್ನು ನೆನಪಿಸಿದರು. ಬ್ರಿಟಿಷ್ ಇಂಡಿಯಾದಲ್ಲಿ 1937ರವರೆಗೆ ಹಿಂದೂ ವಿಧವೆಗೆ ಅವಿಭಕ್ತ ಆಸ್ತಿಯಲ್ಲಿ ನೆಲೆಯಾದ ಪಾಲಿರಲಿಲ್ಲ. ಮೈಸೂರು ಅದಕ್ಕೆ ನಾಲ್ಕು ವರ್ಷ ಮುಂಚೆಯೇ ವಿಧವೆಗೂ ತಾಯಿಗೂ ಅವಿವಾಹಿತ ಮಗಳಿಗೂ ವಿಭಾಗದ ಕಾಲದಲ್ಲಿ ಪಾಲನ್ನು ಕೊಟ್ಟಿತ್ತು. ಅನಂತರ ಒಬ್ಬ ಮುಸ್ಲಿಂ ಅಧ್ಯಾಪಕರು ಕುರಾನಿನ ನಾಲ್ಕನೆಯ ಅಧ್ಯಾಯದ ನಿಗದಿತ ಪಾಲುಗಳನ್ನು ಬಿಡಿಸಿ ಹೇಳಿದರು. ನಾನು ಸಂವಿಧಾನದ 25ನೆಯ ವಿಧಿಯ ಮೇಲೂ ಧಾರ್ಮಿಕ ಸ್ವಾತಂತ್ರ್ಯದ ಮೇಲೂ ಮಾತನಾಡಿ ಕುಳಿತೆ. ಆಗ ಮುಂದಿನ ಸಾಲಿನಲ್ಲಿದ್ದ ನಿವೃತ್ತ ವಕೀಲರೊಬ್ಬರು ಎದ್ದು, “ಫಾದರ್, ಸಾಹೇಬರು ತಮ್ಮ ಕಾನೂನಿಗೆ ಕುರಾನನ್ನು ತೋರಿಸಿದರು. ನಮ್ಮವರು ಮಿತಾಕ್ಷರವನ್ನು ತೋರಿಸಿದರು. ನಿಮ್ಮಲ್ಲಿ ವಿಧವೆಗೆ ಮೂರನೆಯ ಒಂದು ಪಾಲು, ಉಳಿದದ್ದು ಮಕ್ಕಳಿಗೆ ಸಮಪಾಲು. ಇದು ಬೈಬಲ್‌ನಲ್ಲಿ ಎಲ್ಲಿದೆ?” ಎಂದು ಕೇಳಿದರು. ಪ್ರಶ್ನೆಯಲ್ಲಿ ಕುಚೋದ್ಯವಿರಲಿಲ್ಲ, ತಿಳಿಯುವ ಆಸೆಯೇ ಇತ್ತು. ಬೈಬಲ್‌ನಲ್ಲಿ ಅದು ಎಲ್ಲಿಯೂ ಇಲ್ಲ. ನಾನು ಏನೋ ಒಂದು ಉತ್ತರ ಕೊಟ್ಟೆ. ಗುರುಮಠಕ್ಕೆ ಮರಳಿದ ಮೇಲೆ ಕಪಾಟಿನಿಂದ ಮಲ್ಲಂಪಲ್ಲಿಯವರ ಗ್ರಂಥವನ್ನು ಮತ್ತೆ ತೆಗೆದೆ. ವಕೀಲರ ಪ್ರಶ್ನೆಗೆ ನಾನು ಕೊಡಬೇಕಾಗಿದ್ದ ಉತ್ತರ ಅದರಲ್ಲಿತ್ತು; ಆ ಉತ್ತರ ನಮಗೆ ಅಷ್ಟೇನೂ ಹಿತಕರವಾದದ್ದಲ್ಲ.

ಗ್ರಂಥದ ವಸ್ತು 1863ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ತೀರ್ಮಾನಿಸಿದ ‘ಅಬ್ರಹಾಂ ವಿರುದ್ಧ ಅಬ್ರಹಾಂ’ ಎಂಬ ಮೊಕದ್ದಮೆ. ಕಾನೂನಿನ ವಿದ್ಯಾರ್ಥಿಗಳು ಇದನ್ನು ಒಂದು ಪೂರ್ವನಿರ್ಣಯವೆಂದು ಎರಡು ಸಾಲುಗಳಲ್ಲಿ ಓದುತ್ತಾರೆ. ಅದು ನಮ್ಮ ಬಳ್ಳಾರಿಯ ಒಂದು ಮನೆಯ ಕಥೆ ಎಂಬುದು ಅನೇಕರಿಗೆ ತಿಳಿಯದು. ಮ್ಯಾಥ್ಯೂ ಅಬ್ರಹಾಂ ಎಂಬಾತನ ಪೂರ್ವಿಕರು ತಮಿಳು ಪರೆಯರು, ಕಥೋಲಿಕರಾದವರು. ಆತ ಮುಂದೆ ಪ್ರಾಟೆಸ್ಟೆಂಟ್ ಪಂಥಕ್ಕೆ ಸೇರಿದ. ಮಿಶ್ರ ಯೂರೋಪಿಯನ್ ಮೂಲದ, ಆ ಕಾಲದ ಮಾತಿನಲ್ಲಿ ‘ಈಸ್ಟ್ ಇಂಡಿಯನ್’ ಸಮುದಾಯದ, ಶಾರ್ಲಟ್ ಫಾಕ್ಸ್ ಎಂಬಾಕೆಯನ್ನು ಮದುವೆಯಾದ. ಬಳ್ಳಾರಿಯ ದಂಡಿನ ಪ್ರದೇಶದಲ್ಲಿ ಅಂಗಡಿ ಇಟ್ಟ. ಅಬಕಾರಿ ಗುತ್ತಿಗೆ ಹಿಡಿದು, ಭಟ್ಟಿಯನ್ನು ನಡೆಸಿ ಹಣವಂತನಾದ. 1842ರಲ್ಲಿ ಮರಣಶಾಸನವಿಲ್ಲದೆ ತೀರಿಕೊಂಡ. ಅವನ ಆಶ್ರಯದಲ್ಲಿಯೇ ಬೆಳೆದ ತಮ್ಮ ಫ್ರಾನ್ಸಿಸ್ ವ್ಯಾಪಾರವನ್ನು ಮುಂದುವರಿಸಿದ. ವರ್ಷಗಳು ಕಳೆದ ಮೇಲೆ ಅತ್ತಿಗೆಗೂ ಮೈದುನನಿಗೂ ಮನಸ್ತಾಪ ಬೆಳೆಯಿತು. 1854ರಲ್ಲಿ ಶಾರ್ಲಟ್ ಬಳ್ಳಾರಿಯ ನ್ಯಾಯಾಲಯದಲ್ಲಿ ದಾವೆ ಹೂಡಿದಳು. ತಾನೂ ಅಣ್ಣನೂ ಹಿಂದೂ ನ್ಯಾಯದ ಪ್ರಕಾರ ಅವಿಭಕ್ತ ಸಹೋದರರೆಂದು ಫ್ರಾನ್ಸಿಸ್ ವಾದಿಸಿದ. ಇದರ ವಿಚಿತ್ರವನ್ನು ಗಮನಿಸಬೇಕು: ಹುಟ್ಟಿನಿಂದ ಕ್ರೈಸ್ತನಾದ ಒಬ್ಬನು ಮಿತಾಕ್ಷರದ ದಾಯಾದಿಯಾಗಿ ನ್ಯಾಯಾಲಯದ ಮುಂದೆ ನಿಂತಿದ್ದ.

ಇಲ್ಲಿ ಒಂದು ಮಾತನ್ನು ಸೇರಿಸುವ ಆಸೆಯಾಗುತ್ತದೆ. ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ರಾಜಧಾನಿಯಾದ ಕಲ್ಯಾಣದಲ್ಲಿದ್ದವನು, ಎಂದರೆ ಇಂದಿನ ಬಸವಕಲ್ಯಾಣದಲ್ಲಿ. ದೇಶದ ಬಹುಭಾಗದ ಹಿಂದೂ ಕುಟುಂಬಗಳನ್ನು ಕಟ್ಟಿದ ಗ್ರಂಥ ಕನ್ನಡ ನೆಲದಿಂದ ಹೊರಟಿತು. ದೇಶದ ಕ್ರೈಸ್ತರನ್ನು ಅದರಿಂದ ಬಿಡಿಸಿದ ಮೊಕದ್ದಮೆಯೂ ಕನ್ನಡ ನೆಲದಿಂದಲೇ ಹೊರಟಿತು. ಈ ಕಾಕತಾಳೀಯವನ್ನು ಕ್ಯಾಲಿಫೋರ್ನಿಯಾದ ಕಾಲೇಜೊಂದರಲ್ಲಿ ಇತಿಹಾಸವನ್ನು ಬೋಧಿಸುತ್ತಿದ್ದ ಗ್ರಂಥಕರ್ತರು ಗಮನಿಸದೆ ಇದ್ದರೆ ಅದು ದೋಷವಲ್ಲ. ಗಮನಿಸಬೇಕಾದವರು ನಾವು.

ಗ್ರಂಥದ ಹಿರಿಮೆ ಅದರ ಸಾಂದ್ರತೆಯಲ್ಲಿದೆ. ಮಲ್ಲಂಪಲ್ಲಿಯವರು ತೀರ್ಪಿನಿಂದ ಆರಂಭಿಸುವುದಿಲ್ಲ, ಮನೆಯಿಂದ ಆರಂಭಿಸುತ್ತಾರೆ. ಅಂಗಡಿಯ ಲೆಕ್ಕ, ಕರ್ನೂಲಿನ ನವಾಬನ ರಾಜದ್ರೋಹದ ಪ್ರಕರಣದಲ್ಲಿ ಆಯುಧಗಳ ಮಾರಾಟದ ಸಂಶಯ ಈ ಮನೆತನದವರೆಗೂ ಬಂದ ಸಂಗತಿ, ಹಿರಿಯ ಮಗ ಚಾರ್ಲ್ಸ್ ಹೆನ್ರಿ ಕೇಂಬ್ರಿಡ್ಜ್‌ನಿಂದ ಬರೆದ ಕಾಗದಗಳು, ಇವುಗಳ ಮೂಲಕ ಒಂದು ಕುಟುಂಬ ಹೇಗೆ ಏಕಕಾಲದಲ್ಲಿ ಹಲವು ಲೋಕಗಳಲ್ಲಿ ಬಾಳಿತು ಎಂಬುದನ್ನು ತೋರಿಸುತ್ತಾರೆ. ಅಧ್ಯಾಯವೊಂದಕ್ಕೆ ಅವರು ‘ದೊರೆತನ’ದ ಹೆಸರನ್ನೇ ಇಟ್ಟಿದ್ದಾರೆ. ‘ದೊರೆ’ ಎಂಬುದು ನಮ್ಮ ಮಾತು. ಹ್ಯಾಟು, ಕೋಟು, ಮೇಜಿನ ಊಟ, ಕುದುರೆ ಗಾಡಿ ಇದ್ದವನು ಬಳ್ಳಾರಿಯ ಜನರ ಕಣ್ಣಿನಲ್ಲಿ ದೊರೆ. ಅವನ ಚರ್ಮದ ಬಣ್ಣ ಯಾವುದಾದರೂ ಆಗಲಿ. ನ್ಯಾಯಾಲಯದಲ್ಲಿ ಈ ಮಾತು ಪುರಾವೆಯಾಯಿತು. ಅಬ್ರಹಾಂ ಸಹೋದರರು ಏನು ಉಟ್ಟರು, ಏನು ತಿಂದರು, ಯಾರೊಡನೆ ಕುಳಿತರು ಎಂದು ಸಾಕ್ಷಿಗಳು ಒಬ್ಬರಾದ ಮೇಲೊಬ್ಬರು ಹೇಳಿದರು. ಬಳ್ಳಾರಿಯಲ್ಲಿ ಶಾರ್ಲಟ್ ಗೆದ್ದಳು. ಫ್ರಾನ್ಸಿಸ್ ಮದರಾಸಿನ ಸದರ್ ಅದಾಲತ್ತಿಗೆ ಮೇಲ್ಮನವಿ ಸಲ್ಲಿಸಿದ. ಅಲ್ಲಿ ತೀರ್ಪು ಅವನ ಕಡೆ ತಿರುಗಿತು. ಕೊನೆಗೆ ಪ್ರಿವಿ ಕೌನ್ಸಿಲ್, ಈ ಕುಟುಂಬ ಹಿಂದೂ ಅವಿಭಕ್ತ ಕುಟುಂಬವಲ್ಲವೆಂದು ಹೇಳಿತು.

ಆ ತೀರ್ಪಿನ ತಿರುಳು ಹೀಗಿದೆ: ಕ್ರೈಸ್ತನಾದವನು ಹಿಂದೂ ನ್ಯಾಯದ ಬಂಧನದಿಂದ ಬಿಡುಗಡೆ ಹೊಂದುತ್ತಾನೆ, ಆದರೆ ಅವನು ಬಯಸಿದರೆ ಹಳೆಯ ನ್ಯಾಯವನ್ನೇ ಅನುಸರಿಸಿಕೊಂಡು ಬಾಳಬಹುದು, ಯಾವುದನ್ನು ಆರಿಸಿಕೊಂಡನೆಂಬುದನ್ನು ಅವನ ನಡೆನುಡಿಗಳಿಂದ ತಿಳಿಯಬೇಕು, ಏಕೆಂದರೆ ಆಸ್ತಿಯ ಹಕ್ಕುಗಳಂಥ ವಿಷಯಗಳಿಗೂ ಕ್ರೈಸ್ತ ಧರ್ಮಕ್ಕೂ ಸಂಬಂಧವಿಲ್ಲ. ಮಲ್ಲಂಪಲ್ಲಿಯವರು ಈ ‘ಆಯ್ಕೆ’ಯ ಮೇಲೆ ತಮ್ಮ ಗಮನವನ್ನೆಲ್ಲ ಇಡುತ್ತಾರೆ. ಹಲವು ಬಣ್ಣಗಳಲ್ಲಿ ಬಾಳಿದ ಕುಟುಂಬಕ್ಕೆ ಒಂದೇ ಹೆಸರನ್ನು ಹಚ್ಚಲು ನ್ಯಾಯಾಲಯ ಹೇಗೆ ಒತ್ತಾಯಿಸಿತು ಎಂಬುದು ಅವರ ಮುಖ್ಯ ವಾದ. ಇತಿಹಾಸಕಾರರಾಗಿ ಅವರು ಹೇಳುವುದು ಸರಿ. ಶಾರ್ಲಟ್ಟಳ ದಾವೆಯನ್ನು ಲಿಂಗ ಮತ್ತು ಜನಾಂಗಗಳ ದೃಷ್ಟಿಯಿಂದ ನೋಡುವ ಅಧ್ಯಾಯ ಗ್ರಂಥದ ಅತ್ಯುತ್ತಮ ಭಾಗವೆಂದು ನನ್ನ ಅಭಿಪ್ರಾಯ.

ಆದರೆ ನನ್ನ ತಕರಾರು ಇಲ್ಲಿಂದಲೇ ಹೊರಡುತ್ತದೆ. ಗ್ರಂಥದ ಹೆಸರಿನಲ್ಲಿ ಮೂರು ಮಾತುಗಳಿವೆ: ಜನಾಂಗ, ಧರ್ಮ, ಕಾನೂನು. ಜನಾಂಗವನ್ನೂ ಕಾನೂನನ್ನೂ ಅವರು ಒಳಹೊಕ್ಕು ನೋಡುತ್ತಾರೆ. ಧರ್ಮವನ್ನು ಮಾತ್ರ ಹೊರಗಿನಿಂದ ನೋಡುತ್ತಾರೆ. ಉಡುಪು, ಊಟ, ಸಹವಾಸಗಳ ಜೊತೆಗೆ ಧರ್ಮವೂ ಗುರುತಿನ ಮತ್ತೊಂದು ಚಿಹ್ನೆಯಾಗಿ ಉಳಿಯುತ್ತದೆ. ‘ಕ್ರೈಸ್ತ ಧರ್ಮಕ್ಕೆ ಸಂಬಂಧವಿಲ್ಲದ ವಿಷಯಗಳು’ ಎಂದು ಪ್ರಿವಿ ಕೌನ್ಸಿಲ್ಲಿನ ನ್ಯಾಯಮೂರ್ತಿಗಳು ಬರೆದಾಗ ಅವರು ಕಾನೂನಿನ ಮಾತನ್ನಷ್ಟೇ ಹೇಳಲಿಲ್ಲ. ಒಂದು ದೈವಶಾಸ್ತ್ರದ ಮಾತನ್ನೂ ಹೇಳಿದರು. ಅದನ್ನು ಹೇಳಲು ಅವರಿಗೆ ಯಾರು ಅಧಿಕಾರ ಕೊಟ್ಟರು? ಆ ಮಾತು ನಿಜವೇ? ಗ್ರಂಥ ಈ ಪ್ರಶ್ನೆಯನ್ನು ಎತ್ತುವುದಿಲ್ಲ. ಇತಿಹಾಸದ ಗ್ರಂಥವು ದೈವಶಾಸ್ತ್ರವಾಗಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಈ ಒಂದು ವಾಕ್ಯದ ಮೇಲೆ ನಮ್ಮ ನೂರಾರವತ್ತು ವರ್ಷಗಳ ಕೌಟುಂಬಿಕ ಕಾನೂನು ನಿಂತಿರುವಾಗ, ಅದನ್ನು ತಟ್ಟಿ ನೋಡದೆ ದಾಟಿ ಹೋಗುವುದು ಕೊರತೆಯೇ.

ಆ ವಾಕ್ಯದಲ್ಲಿ ಅರ್ಧ ಸತ್ಯವಿದೆ. ಪ್ರೇಷಿತರ ಕಾರ್ಯಕಲಾಪಗಳ 15ನೆಯ ಅಧ್ಯಾಯದಲ್ಲಿ ಜೆರುಸಲೇಮಿನ ಸಭೆ ಎದುರಿಸಿದ್ದು ಇಂಥದೇ ಪ್ರಶ್ನೆಯನ್ನು: ಹೊಸದಾಗಿ ವಿಶ್ವಾಸಿಗಳಾದವರು ಯಾರ ಕಾನೂನಿನ ಕೆಳಗೆ ಬಾಳಬೇಕು? ಮೋಶೆಯ ಧರ್ಮಶಾಸ್ತ್ರವನ್ನು ಅವರ ಮೇಲೆ ಹೊರಿಸಬಾರದೆಂದು ಸಭೆ ತೀರ್ಮಾನಿಸಿತು. ಸಂತ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದಲ್ಲಿ, ಕರೆ ಬಂದಾಗ ಯಾವ ಸ್ಥಿತಿಯಲ್ಲಿದ್ದರೋ ಅದರಲ್ಲಿಯೇ ಉಳಿಯಬಹುದೆಂದು ಬೋಧಿಸುತ್ತಾನೆ. ಹಾಗೆ ನೋಡಿದರೆ, ಕ್ರೈಸ್ತನಾದ ಮಾತ್ರಕ್ಕೆ ಯಾರೂ ಆಂಗ್ಲರ ಆಸ್ತಿ ನ್ಯಾಯವನ್ನು ತೊಡಬೇಕಾಗಿಲ್ಲ ಎಂಬ ಲಂಡನ್ನಿನ ತೀರ್ಪು ಧರ್ಮಸಭೆಯ ಮೊಟ್ಟಮೊದಲ ತೀರ್ಮಾನಕ್ಕೆ ಹತ್ತಿರವೇ ಇದೆ. ವ್ಯತ್ಯಾಸವಿರುವುದು ಮುಂದೆ. ಜೆರುಸಲೇಮಿನಲ್ಲಿ ಕೇಳಿದ್ದು ವಿಗ್ರಹಾರಾಧನೆ ಮತ್ತು ವ್ಯಭಿಚಾರಗಳನ್ನು ಬಿಟ್ಟಿದ್ದೀರಾ ಎಂದು. ಲಂಡನ್ನಿನಲ್ಲಿ ಕೇಳಿದ್ದು ಸತ್ತವನು ಯಾವ ಉಡುಪು ತೊಡುತ್ತಿದ್ದ ಎಂದು. ವಿಧವೆಯೊಬ್ಬಳ ಅನ್ನವು ಅವಳ ಗಂಡನ ಕೋಟಿನ ಮೇಲೆ ನಿಂತಿತು. ಮ್ಯಾಥ್ಯೂ ಪಂಚೆ ಉಡುತ್ತಿದ್ದರೆ ಶಾರ್ಲಟ್ಟಳ ಗತಿ ಬೇರೆಯಾಗುತ್ತಿತ್ತು. ‘ಆಯ್ಕೆ’ ಎಂಬ ಮಾತನ್ನು ನಾನು ಅನುಮಾನದಿಂದ ನೋಡುವುದು ಇದಕ್ಕಾಗಿ. ಆರಿಸಿದವನು ಗಂಡ, ಅದರ ಫಲವನ್ನು ಉಣ್ಣಬೇಕಾದವಳು ಹೆಂಡತಿ.

ಈ ಆಯ್ಕೆಯೂ ಹೆಚ್ಚು ದಿನ ಉಳಿಯಲಿಲ್ಲ. 1865ರ ಭಾರತೀಯ ಉತ್ತರಾಧಿಕಾರ ಕಾಯಿದೆ ಕ್ರೈಸ್ತರೆಲ್ಲರಿಗೂ ಒಂದೇ ನಿಯಮವನ್ನು ಮಾಡಿತು. ವಕೀಲರು ಕೇಳಿದ ಮೂರನೆಯ ಒಂದು ಪಾಲು ಬಂದದ್ದು ಅಲ್ಲಿಂದ: ಬೈಬಲ್‌ನಿಂದಲ್ಲ, ಕ್ಯಾನನ್ ಕಾನೂನಿನಿಂದಲೂ ಅಲ್ಲ, ಆಂಗ್ಲ ನ್ಯಾಯದ ಮಾದರಿಯಿಂದ. ಆದರೂ ಕೊಡಗಿನ ದೇಶೀಯ ಕ್ರೈಸ್ತರಿಗೆ 1868ರಲ್ಲಿ ಆ ಕಾಯಿದೆಯಿಂದ ವಿನಾಯಿತಿ ಕೊಡಲಾಯಿತು. ಒಂದೇ ಜ್ಞಾನಸ್ನಾನ, ಘಟ್ಟದ ಮೇಲೊಂದು ಕಾನೂನು, ಕೆಳಗೊಂದು ಕಾನೂನು. 1869ರ ವಿಚ್ಛೇದನ ಕಾಯಿದೆ, 1872ರ ಕ್ರೈಸ್ತ ವಿವಾಹ ಕಾಯಿದೆ ಇದೇ ಸಾಲಿಗೆ ಸೇರಿದವು. ಇಂಥ ಕಥೆ ನಮ್ಮದೊಂದೇ ಅಲ್ಲ. ಬೆಂಗಳೂರಿನ ವ್ಯಾಪಾರದಲ್ಲಿ ಹೆಸರಾದ ಕಚ್ಛೀ ಮೇಮನ್ನರು ತಲೆಮಾರುಗಳ ಕಾಲ ನಮಾಜು ಮಾಡುತ್ತಾ, ಉತ್ತರಾಧಿಕಾರದಲ್ಲಿ ಮಾತ್ರ ಹಿಂದೂ ಪದ್ಧತಿಯನ್ನೇ ಅನುಸರಿಸಿದರು; 1938ರ ಕಾಯಿದೆಯೇ ಅವರನ್ನು ಪೂರ್ತಿಯಾಗಿ ಮುಸ್ಲಿಂ ನ್ಯಾಯಕ್ಕೆ ತಂದಿತು. ‘ಹಿಂದೂ ಕಾನೂನು’ ಎನ್ನುವುದೂ ಹಾಗೆಯೇ. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ ಅವರ ಅಧ್ಯಕ್ಷತೆಯ ಸಮಿತಿ 1940ರ ದಶಕದಲ್ಲಿ ಅದನ್ನು ಕ್ರೋಡೀಕರಿಸಲು ಹೊರಟಾಗ ಎದುರಾದದ್ದು ಒಂದು ಕಾನೂನಲ್ಲ, ಹತ್ತಾರು ಪದ್ಧತಿಗಳು. ಮಗಳು ಹುಟ್ಟಿನಿಂದಲೇ ಸಹದಾಯಾದಿ ಎಂದು ಕರ್ನಾಟಕ ಒಪ್ಪಿದ್ದು 1994ರಲ್ಲಿ. ಕೇಂದ್ರ ಒಪ್ಪಿದ್ದು 2005ರಲ್ಲಿ. ಯಾವ ಧರ್ಮದವರ ‘ವೈಯಕ್ತಿಕ ಕಾನೂನೂ’ ಸೀನಾಯಿ ಬೆಟ್ಟದಿಂದ ಇಳಿದು ಬಂದದ್ದಲ್ಲ.

ಇದನ್ನು ಒಪ್ಪಿಕೊಂಡರೆ ನಾವು ಸಾರ್ವಜನಿಕವಾಗಿ ಆಡುವ ಮಾತುಗಳನ್ನು ತಿದ್ದಿಕೊಳ್ಳಬೇಕಾಗುತ್ತದೆ. ‘ನಮ್ಮ ವೈಯಕ್ತಿಕ ಕಾನೂನು ನಮ್ಮ ವಿಶ್ವಾಸದ ಅಂಗ’ ಎಂದು ನಮ್ಮ ವೇದಿಕೆಗಳಲ್ಲಿ ಕೇಳಿ ಬರುತ್ತದೆ, ನಾನೂ ಹೇಳಿದ್ದೇನೆ. ಆದರೆ 1869ರ ಕಾಯಿದೆಯ ಪ್ರಕಾರ ಗಂಡನು ಹೆಂಡತಿಯ ವ್ಯಭಿಚಾರವೊಂದನ್ನೇ ತೋರಿಸಿ ವಿಚ್ಛೇದನ ಪಡೆಯಬಹುದಿತ್ತು. ಹೆಂಡತಿಯಾದರೋ ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ತ್ಯಾಗವನ್ನೋ ಸಾಬೀತು ಮಾಡಬೇಕಿತ್ತು. ಈ ಭೇದ ಇಂಗ್ಲೆಂಡಿನ 1857ರ ಕಾಯಿದೆಯಿಂದ ಬಂದದ್ದು. ಇಂಗ್ಲೆಂಡು 1923ರಲ್ಲಿ ಅದನ್ನು ಕಿತ್ತೆಸೆಯಿತು. ನಮ್ಮ ಸಹೋದರಿಯರು 2001ರವರೆಗೆ, ಎಂದರೆ ಮತ್ತೆ 78 ವರ್ಷ, ಅದನ್ನು ಹೊತ್ತರು. ಇದು ಯಾವ ವಿಶ್ವಾಸದ ಅಂಗ? ಇನ್ನೊಂದು ಕಡೆ, ಹತ್ತಿರದ ಬಂಧುಗಳಿರುವ ಕ್ರೈಸ್ತನು ಧಾರ್ಮಿಕ ಕಾರ್ಯಕ್ಕೆ ಆಸ್ತಿಯನ್ನು ಬರೆದುಕೊಡದಂತೆ ತಡೆಯುತ್ತಿದ್ದ 118ನೆಯ ಸೆಕ್ಷನ್ನನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದವರಲ್ಲಿ ಯಾಜಕರೊಬ್ಬರು ಇದ್ದರು. 2003ರ ಜಾನ್ ವಳ್ಳಮಟ್ಟಂ ತೀರ್ಪು ಆ ಸೆಕ್ಷನ್ನನ್ನು ರದ್ದುಪಡಿಸಿತು. ದಾನಕ್ಕೆ ಅಡ್ಡಿಯಾದಾಗ ‘ಕ್ರೈಸ್ತ ಕಾನೂನು’ ಸಮಾನತೆಗೆ ವಿರುದ್ಧವೆಂದು ನಮಗೆ ತಟ್ಟನೆ ಕಾಣಿಸಿತು. ಹೆಣ್ಣುಮಕ್ಕಳಿಗೆ ಅಡ್ಡಿಯಾದಾಗ ಕಾಣಿಸುವುದಕ್ಕೆ ಹೆಚ್ಚು ಹೊತ್ತು ಹಿಡಿಯಿತು.

ವಿವಾಹದ ವಿಷಯ ಮಾತ್ರ ಬೇರೆ. ಅಲ್ಲಿ ಧರ್ಮಸಭೆಗೆ ತನ್ನದೇ ಆದ ಕಾನೂನಿದೆ. ನಮ್ಮ ನ್ಯಾಯಪೀಠ ಒಂದು ವಿವಾಹವನ್ನು ಆದಿಯಿಂದಲೇ ಅಸಿಂಧುವೆಂದು ಘೋಷಿಸಿದರೆ, ಆ ಇಬ್ಬರೂ ಧರ್ಮಸಭೆಯ ದೃಷ್ಟಿಯಲ್ಲಿ ಸ್ವತಂತ್ರರು. ನಾಗರಿಕ ಕಾನೂನಿನ ದೃಷ್ಟಿಯಲ್ಲಿ ಅವರು ಇನ್ನೂ ಗಂಡ ಹೆಂಡತಿ. 1996ರ ಮಾಲಿ ಜೋಸೆಫ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಸ್ಪಷ್ಟಪಡಿಸಿತು. ಈ ಸಂಕಟಕ್ಕೆ ಪರಿಹಾರ ಬೇಡಿ ದಕ್ಷಿಣ ಕನ್ನಡದ ಕಥೋಲಿಕ ಮುಖಂಡರಾದ ಕ್ಲಾರೆನ್ಸ್ ಪೈಸ್ ಅವರು 2013ರಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಸಿದರು. 2017ರ ಜನವರಿಯಲ್ಲಿ ಅದು ವಜಾ ಆಯಿತು. ಮುಸ್ಲಿಮರ ತಲಾಖನ್ನು ನ್ಯಾಯಾಲಯಗಳು ಮನ್ನಿಸುವುದಾದರೆ ನಮ್ಮ ನ್ಯಾಯಪೀಠದ ತೀರ್ಪನ್ನೂ ಮನ್ನಿಸಬೇಕು ಎಂಬುದು ಅರ್ಜಿಯ ವಾದಗಳಲ್ಲಿ ಒಂದು. ಅದೇ ವರ್ಷ ಆಗಸ್ಟ್ 22ರಂದು ಸರ್ವೋಚ್ಚ ನ್ಯಾಯಾಲಯ ಒಂದೇ ಬಾರಿಗೆ ಹೇಳುವ ಮೂರು ತಲಾಖನ್ನು ರದ್ದುಪಡಿಸಿತು. ನಾವು ಆಧಾರವಾಗಿ ಹಿಡಿದ ಕೊಂಬೆ ಏಳು ತಿಂಗಳಲ್ಲಿ ಮುರಿಯಿತು. ನೆರೆಯವರ ಹೆಂಗಸರು ಕಣ್ಣೀರು ಹಾಕುತ್ತಿದ್ದ ಪದ್ಧತಿಯನ್ನು ನಮ್ಮ ಹಕ್ಕಿನ ಅಳತೆಗೋಲಾಗಿ ತೋರಿಸಿದ್ದು ನನಗೆ ಅಂದೂ ಸರಿಕಾಣಲಿಲ್ಲ.

ಪೈಸ್ ಅವರ ಕಳಕಳಿ ಸಾಚಾ. ಅದನ್ನು ಅನುಮಾನಿಸಲು ಕಾರಣವಿಲ್ಲ. ಎರಡು ನ್ಯಾಯಪೀಠಗಳ ಬಾಗಿಲಲ್ಲಿ ವರ್ಷಗಟ್ಟಲೆ ನಿಂತವರನ್ನು ಧರ್ಮಕೇಂದ್ರದಲ್ಲಿ ಕೆಲಸ ಮಾಡಿದ ಯಾವ ಯಾಜಕನಾದರೂ ಬಲ್ಲ. ಆದರೆ 1983ರ ಕ್ಯಾನನ್ ಸಂಹಿತೆಯ 1059ನೆಯ ನಿಯಮವನ್ನೇ ನೋಡಿ: ಕಥೋಲಿಕರ ವಿವಾಹ ದೈವಿಕ ಕಾನೂನಿಗೂ ಕ್ಯಾನನ್ ಕಾನೂನಿಗೂ ಒಳಪಟ್ಟದ್ದು, ಆದರೆ ಅದರ ನಾಗರಿಕ ಪರಿಣಾಮಗಳು ನಾಗರಿಕ ಅಧಿಕಾರಕ್ಕೆ ಸೇರಿದ್ದು ಎಂದು ಧರ್ಮಸಭೆಯೇ ಹೇಳುತ್ತದೆ. ನಾಗರಿಕ ಕಾನೂನು ಮನ್ನಿಸದ ವಿವಾಹಕ್ಕೆ ಧರ್ಮಾಧ್ಯಕ್ಷರ ಅನುಮತಿಯಿಲ್ಲದೆ ಯಾಜಕನು ನಿಲ್ಲಬಾರದೆಂದು 1071ನೆಯ ನಿಯಮ ಹೇಳುತ್ತದೆ. ಸಂಸ್ಕಾರ ನಮ್ಮದು, ಜೀವನಾಂಶ, ಮಕ್ಕಳ ಪಾಲನೆ, ಮನೆಯ ಹಕ್ಕು ರಾಜ್ಯದ್ದು. ಎರಡನ್ನೂ ನಮ್ಮ ನ್ಯಾಯಪೀಠದ ಕೈಗೆ ಕೊಡಿ ಎಂದು ಕೇಳುವುದು ನಮ್ಮ ಸಂಹಿತೆ ಕೇಳದೆ ಇರುವುದನ್ನು ಕೇಳಿದಂತೆ. ಅಸಿಂಧುವೆಂದು ಘೋಷಿತವಾದ ಮೇಲೆ ಬರಿಗೈಯಲ್ಲಿ ಹೊರಬರುವ ಹೆಣ್ಣಿಗೆ ಜೀವನಾಂಶ ಕೊಡಿಸುವ ಶಕ್ತಿ ನಮ್ಮ ನ್ಯಾಯಪೀಠಕ್ಕೆ ಎಲ್ಲಿದೆ?

ಹೀಗೆಂದ ಮಾತ್ರಕ್ಕೆ ಉತ್ತರಾಖಂಡದ ಮಾದರಿಯನ್ನು ಕಣ್ಣುಮುಚ್ಚಿ ಒಪ್ಪಬೇಕೆಂದಲ್ಲ. ಅಲ್ಲಿ ಪರಿಶಿಷ್ಟ ಪಂಗಡಗಳನ್ನು ಸಂಹಿತೆಯಿಂದ ಹೊರಗಿಟ್ಟಿದ್ದಾರೆ. ‘ಸಮಾನ’ ಎಂಬ ಹೆಸರಿಗೆ ಅದೇ ಮೊದಲ ಅಪವಾದ. ಏಕರೂಪತೆ ಬೇರೆ, ಸಮಾನತೆ ಬೇರೆ. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಹಿಂದೂಗಳು ಒಂದು ವರ್ಷ, ಕ್ರೈಸ್ತರು ಎರಡು ವರ್ಷ ಬೇರೆಯಾಗಿ ಬಾಳಿರಬೇಕೆಂಬ ಭೇದವನ್ನು ಹೋಗಲಾಡಿಸಲು ಹೊಸ ಸಂಹಿತೆಯೇನೂ ಬೇಕಾಗಲಿಲ್ಲ. ಕೇರಳದ ಹಾದಿಯಲ್ಲಿ ನಮ್ಮ ಉಚ್ಚ ನ್ಯಾಯಾಲಯವೂ ಅದನ್ನು ಒಂದು ವರ್ಷವೆಂದೇ ಓದಿತು. ಈ ಚರ್ಚೆ ದೀರ್ಘವಾದದ್ದು, ಇಲ್ಲಿಗೆ ಬಿಡುತ್ತೇನೆ.

ಆಸ್ತಿಯ ಪ್ರಶ್ನೆಗೆ ಮರಳಬೇಕು. ಪ್ರಿವಿ ಕೌನ್ಸಿಲ್ಲಿನ ಮಾತಿನಲ್ಲಿ ಅರ್ಧ ಸತ್ಯವಿದೆ ಎಂದೆ. ಉಳಿದ ಅರ್ಧವನ್ನು ಸಂತ ಲೂಕನ ಶುಭಸಂದೇಶದ 12ನೆಯ ಅಧ್ಯಾಯದಲ್ಲಿ ಹುಡುಕಬೇಕು. ಜನಸಮೂಹದಿಂದ ಒಬ್ಬನು, ಪಿತ್ರಾರ್ಜಿತವನ್ನು ತನಗೆ ಹಂಚಿಕೊಡುವಂತೆ ತನ್ನ ಸಹೋದರನಿಗೆ ಹೇಳಬೇಕೆಂದು ಯೇಸುಸ್ವಾಮಿಯನ್ನು ಬೇಡುತ್ತಾನೆ. ಪ್ರಭು ಪಾಲು ಮಾಡಿಕೊಡುವವನಾಗಲು ಒಪ್ಪುವುದಿಲ್ಲ. ವಕೀಲರ ಪ್ರಶ್ನೆಗೆ ಇದೇ ಸರಿಯಾದ ಉತ್ತರವಾಗಿತ್ತು: ಬೈಬಲ್‌ನಲ್ಲಿ ಮೂರನೆಯ ಒಂದು ಪಾಲು ಇಲ್ಲದಿರುವುದು ಮರೆವಿನಿಂದಲ್ಲ, ನಿರಾಕರಣೆಯಿಂದ. ಆದರೆ ಪ್ರಭು ಅಲ್ಲಿಗೆ ನಿಲ್ಲಿಸುವುದಿಲ್ಲ. ಸುಗ್ಗಿ ಹೆಚ್ಚಾಗಿ ಕಣಜಗಳನ್ನು ಕೆಡವಿ ದೊಡ್ಡದಾಗಿ ಕಟ್ಟಿಸಹೊರಟ ಧನಿಕನ ಸಾಮತಿಯನ್ನು ಆ ಕೂಡಲೇ ಹೇಳುತ್ತಾರೆ. ಹಳೆಯ ಒಡಂಬಡಿಕೆಯ ಸಂಖ್ಯಾಕಾಂಡವೂ ಸುಮ್ಮನಿಲ್ಲ. ಗಂಡುಮಕ್ಕಳಿಲ್ಲದೆ ಸತ್ತ ಚೆಲೋಫಾದನ ಐವರು ಪುತ್ರಿಯರು ಇಡೀ ಸಭೆಯ ಮುಂದೆ ನಿಂತು ತಂದೆಯ ಪಾಲನ್ನು ಕೇಳಿದರು; ದೇವರು ಅವರ ಮಾತು ಸರಿಯೆಂದರು. ಒಂಬತ್ತು ಅಧ್ಯಾಯಗಳ ನಂತರ ಕುಲದ ಹಿರಿಯರು ಬಂದು, ಆ ಹೆಣ್ಣುಮಕ್ಕಳು ಬೇರೆ ಕುಲಕ್ಕೆ ಮದುವೆಯಾದರೆ ಭೂಮಿ ಕೈಬಿಡುತ್ತದೆಂದು ತಕರಾರು ತೆಗೆದರು. ಹಕ್ಕಿಗೆ ಷರತ್ತು ಬಿತ್ತು. ದಾಯಾದಿಗಳು ಅಂದೂ ಇದ್ದರು. ಮ್ಯಾಥ್ಯೂ ಅಬ್ರಹಾಂ ಬಳ್ಳಾರಿಯಲ್ಲಿ ಅಂಗಡಿ ನಡೆಸುತ್ತಿದ್ದ ಕಾಲದಲ್ಲಿಯೇ, ಅದೇ ಊರಿನಲ್ಲಿ, ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲ್ಲನ್ನು ಕನ್ನಡಕ್ಕೆ ತರುತ್ತಿದ್ದರು. ಚೆಲೋಫಾದನ ಪುತ್ರಿಯರು ಕನ್ನಡದಲ್ಲಿ ಮಾತನಾಡಿದ್ದು ಶಾರ್ಲಟ್ಟಳ ಮನೆಯಿಂದ ಕೂಗಳತೆಯಲ್ಲಿ. ಮಲ್ಲಂಪಲ್ಲಿಯವರ ಧರ್ಮದ ವಿಶ್ಲೇಷಣೆಯಲ್ಲಿ ಈ ಬಗೆಯ ಜಾಡುಗಳಿಗೆ ಇನ್ನಷ್ಟು ಸ್ಥಳವಿರಬೇಕಿತ್ತು.

ಗ್ರಂಥವನ್ನು ಎರಡನೆಯ ಸಲ ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ ಒಂದು ನೆನಪನ್ನು ಇಲ್ಲಿ ದಾಖಲಿಸುವುದು ಅಗತ್ಯ. ಇಲ್ಲದಿದ್ದರೆ ಈ ವಿಮರ್ಶೆ ಇತರರನ್ನಷ್ಟೇ ವಿಮರ್ಶಿಸಿದಂತಾಗುತ್ತದೆ. ಯಾಜಕದೀಕ್ಷೆಯಾಗಿ ಎರಡು ವರ್ಷವೂ ಆಗಿರಲಿಲ್ಲ. ಧರ್ಮಕೇಂದ್ರದ ಒಂದು ಕುಟುಂಬದಲ್ಲಿ ತಂದೆ ತೀರಿಕೊಂಡಿದ್ದರು. ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಮನೆಯನ್ನು ಕೆಡವಿ ಮಹಡಿ ಕಟ್ಟಿಸಲು ಬ್ಯಾಂಕಿನ ಸಾಲ ಬೇಕಿತ್ತು. ಅದಕ್ಕೆ ತಂಗಿ ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಬೇಕಿತ್ತು. ಅವಳು ಹಿಂಜರಿದಳು. “ಸ್ವಾಮಿ, ನೀವು ಒಂದು ಮಾತು ಹೇಳಿದರೆ ಕೇಳುತ್ತಾಳೆ” ಎಂದು ಅಣ್ಣಂದಿರು ನನ್ನನ್ನು ಕರೆದೊಯ್ದರು. ಮದುವೆಯಲ್ಲಿ ಕೊಟ್ಟ ಚಿನ್ನವೇ ಅವಳ ಪಾಲು ಎಂದು ಅವರ ವಾದ. ಮಗಳಿಗೆ ಸಮಪಾಲು ಎಂದು ನಮ್ಮ ಕಾನೂನು 1865ರಿಂದಲೇ ಹೇಳುತ್ತಿದೆ ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ನಾನು ಅವಳ ಮುಂದೆ ಕುಳಿತು ತ್ಯಾಗದ ಬಗ್ಗೆ, ಕುಟುಂಬದ ಐಕ್ಯದ ಬಗ್ಗೆ, ಆಸ್ತಿ ಕ್ಷಣಿಕವೆಂಬುದರ ಬಗ್ಗೆ ಮಾತನಾಡಿದೆ. ಅವಳು ಸಹಿ ಹಾಕಿದಳು. ಸಾಕ್ಷಿಯಾಗಿ ನಾನೂ ಹಾಕಿದೆ. ಅಣ್ಣಂದಿರು ಕಾಫಿ ಕೊಟ್ಟರು.

ಪ್ರಭು ಕಣಜದ ಸಾಮತಿಯನ್ನು ಹೇಳಿದ್ದು ಲೋಭದ ಕುರಿತು ಎಲ್ಲರಿಗೂ. ಅದು ಮೊದಲು ನಾಟಬೇಕಾದದ್ದು ಆಸ್ತಿಯನ್ನು ಕೈಯಲ್ಲಿ ಹಿಡಿದವನಿಗೆ. ನಾನು ಅದನ್ನು ಕೇಳಿ ನಿಂತವಳೊಬ್ಬಳಿಗೆ ಮಾತ್ರ ಹೇಳಿದೆ. ಕ್ರೈಸ್ತ ಧರ್ಮಕ್ಕೂ ಆಸ್ತಿಯ ಹಕ್ಕಿಗೂ ಸಂಬಂಧವಿಲ್ಲವೆಂದು ಲಂಡನ್ನಿನ ನ್ಯಾಯಮೂರ್ತಿಗಳು ಬರೆದದ್ದನ್ನು ಇಲ್ಲಿ ಖಂಡಿಸಿದ್ದೇನೆ. ಆ ದಿನ ಆ ಮನೆಯ ಪಡಸಾಲೆಯಲ್ಲಿ ನಾನು ಬೋಧಿಸಿದ್ದು ಅದನ್ನೇ, ಕುತ್ತಿಗೆಯಲ್ಲಿ ಶಿಲುಬೆ ಧರಿಸಿಕೊಂಡು. ಕಾನೂನಿನಲ್ಲಿ ಸಮಪಾಲು ಇದ್ದೂ ನಮ್ಮ ಕುಟುಂಬಗಳಲ್ಲಿ ಅದು ಹೆಣ್ಣುಮಕ್ಕಳ ಕೈಸೇರದೆ ಇರುವುದಕ್ಕೆ ಇಂಥ ಖುಲಾಸೆ ಪತ್ರಗಳೂ ಇಂಥ ಸಾಕ್ಷಿಗಳೂ ಕಾರಣ. ಯಾವ ಸಂಹಿತೆ ಬಂದರೂ ಈ ಪತ್ರಕ್ಕೆ ಜಾಗವಿರುತ್ತದೆ, ಏಕೆಂದರೆ ಅದು ಸ್ವಇಚ್ಛೆಯ ದಸ್ತಾವೇಜು. ಅದೂ ಒಂದು ‘ಆಯ್ಕೆ’.

ಮುಂದಿನ ಸೆಮಿಸ್ಟರಿನಲ್ಲಿ ನೀತಿ ದೈವಶಾಸ್ತ್ರದ ತರಗತಿಗೆ ಮಲ್ಲಂಪಲ್ಲಿಯವರ ಗ್ರಂಥದ ಕೊನೆಯ ಮೂರು ಅಧ್ಯಾಯಗಳನ್ನು ಪಠ್ಯವಾಗಿ ಇಟ್ಟಿದ್ದೇನೆ. ಗ್ರಂಥ ಕನ್ನಡಕ್ಕೆ ಬರಬೇಕು. ಬಂದರೆ ಬಳ್ಳಾರಿಯ ಸಾಕ್ಷಿಗಳು ‘ದೊರೆ’ ಎಂದು ಆಡಿದ ಮಾತು ಮತ್ತೆ ತನ್ನ ಭಾಷೆಗೆ ಸೇರುತ್ತದೆ. ವಿದ್ಯಾರ್ಥಿಗಳಿಗೆ ಮೊದಲ ಅಭ್ಯಾಸವಾಗಿ ಕೊಡಲಿರುವುದು ಒಂದು ಲೆಕ್ಕ: ಮ್ಯಾಥ್ಯೂ ಅಬ್ರಹಾಂ 1842ರಲ್ಲಿ ಹಿಂದೂವಾಗಿ, ಮುಸ್ಲಿಮನಾಗಿ, 1865ರ ಕಾಯಿದೆಯ ಕ್ರೈಸ್ತನಾಗಿ ಸತ್ತಿದ್ದರೆ, ಶಾರ್ಲಟ್ಟಳಿಗೆ ಒಂದೊಂದರಲ್ಲಿ ಎಷ್ಟು ಸಿಗುತ್ತಿತ್ತು? ಎರಡನೆಯ ಅಭ್ಯಾಸ ಅವರವರ ಮನೆಯದು. ತಂದೆಯ ಆಸ್ತಿಯಲ್ಲಿ ನಿಮ್ಮ ಅಕ್ಕತಂಗಿಯರಿಗೆ ಸೇರಿದ್ದು ಏನು, ಅವರು ಸಹಿ ಹಾಕಿದ್ದು ಏನು ಎಂದು ಕೇಳಿಕೊಂಡು ಬನ್ನಿ ಎಂದು ಹೇಳಲಿದ್ದೇನೆ.